ಒಂದೇ ನಂಬರಿನ ಶೂ

ದೇರೆಬೈಲ್
8 ಸೆಪ್ಟೆಂಬರ್ 2024

ರೀಮಾ,

ಇವತ್ತು ನಿಮ್ಮ ಮೊಂತಿ ಹಬ್ಬ. ಹೊಸ ಅಕ್ಕಿಯ ಊಟಕ್ಕೆ ಆಗ್ನೆಸ್ ಆಂಟಿ ನನ್ನನ್ನು ನಿಮ್ಮ ಮನೆಗೆ ಕರೆದಿದ್ದರು. ನೀನು ಯಾವಾಗಲೂ ಕೂರುವ ಕಿಟಕಿಯ ಬದಿಯ ಜಾಗದಲ್ಲೇ ಬಾಳೆಎಲೆ ಹಾಕಿ ಕೂರಿಸಿದರು. ನಾನು ಎಷ್ಟು ತಿಂದರೂ ನಿನ್ನ ಅಮ್ಮನಿಗೆ ಸಮಾಧಾನ ಇಲ್ಲ. ನಿನ್ನ ಪಾಲಿನ ಪಾಯಸವೂ ನನ್ನ ಹೊಟ್ಟೆಗೇ ಹೋಗಬೇಕು ಎಂದು ಅವರ ಲೆಕ್ಕ.

ನಿನ್ನ ನೊವಿಶಿಯೇಟ್ ತರಬೇತಿಯ ಒಂದು ವರ್ಷ ಫೋನು ಇಲ್ಲ, ಪತ್ರ ಬರೆಯಬಹುದು ಎಂದು ಅವರೇ ಹೇಳಿದರು. ದೇರೆಬೈಲಿನಿಂದ ವಾಮಂಜೂರಿನ ನಿನ್ನ ಕಾನ್ವೆಂಟಿಗೆ ಸೈಕಲ್ ತುಳಿದರೆ ಮುಕ್ಕಾಲು ಗಂಟೆ ಬೇಡ. ಅಷ್ಟು ದೂರಕ್ಕೆ ಸ್ಟಾಂಪ್ ಹಚ್ಚುವಾಗ ಪೋಸ್ಟ್ ಆಫೀಸಿನವಳೇ ನಗಬಹುದು. ನನಗೆ ಕೊಂಕಣಿ ಬರೆಯಲು ಬರುವುದಿಲ್ಲ, ನಿನಗೆ ತುಳುವಿನಲ್ಲಿ ಬೈಗುಳ ಮಾತ್ರ ಬರುತ್ತದೆ. ಹಾಗಾಗಿ ಶಾಲೆಯ ಹಾಗೆ ಕನ್ನಡದಲ್ಲೇ ಬರೆಯುವ.

ವಿಷಯಕ್ಕೆ ಬರುತ್ತೇನೆ. ಜನವರಿ ಹತ್ತೊಂಬತ್ತಕ್ಕೆ ಇನ್ನೂರು ಕಿಲೋಮೀಟರಿನ ರೈಡ್ ಉಂಟು. ಅದೇ ಹಳೆಯ ದಾರಿ. ನಂತೂರು, ವಾಮಂಜೂರು, ಮೂಡಬಿದ್ರೆ, ಕಾರ್ಕಳ, ಉಡುಪಿ, ಕೋಟದವರೆಗೆ ಹೋಗಿ ಹೈವೇಯಲ್ಲಿ ವಾಪಸ್. ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ ಏಳೂವರೆಯ ಒಳಗೆ ಮುಗಿಸಬೇಕು. ಹಿಂದಿನ ಸಲ ನಾವಿಬ್ಬರೂ ಕಾರ್ಕಳದ ಹೋಟೆಲಿನಲ್ಲಿ ಚಾಕ್ಕೆ ನಿಂತೆವು. ಚಾ ಪೂರ್ತಿ ತಣ್ಣಗಾದ ಮೇಲೆ ನೀನು ಹೇಳಿದೆ, ಸಿಸ್ಟರ್ ಆಗುತ್ತೇನೆ ಎಂದು. ಅಲ್ಲಿಂದ ಮುಂದೆ ತುಳಿಯಲು ನನ್ನಿಂದ ಆಗಲಿಲ್ಲ. ಸೈಕಲ್‌ಗಳನ್ನು ಬಸ್ಸಿನ ಮೇಲೆ ಹಾಕಿ ಬಂದೆವು. ಈ ಸಲ ನಾನು ಕಾರ್ಕಳದಲ್ಲಿ ರೈಡ್ ನಿಲ್ಲಿಸುವುದಿಲ್ಲ.

ಮತ್ತೊಂದು ನಿರ್ಧಾರ. ನಿನ್ನ ಶೂ ಹಾಕಿಯೇ ಮುಗಿಸುತ್ತೇನೆ. ಕಾನ್ವೆಂಟಿಗೆ ಹೋಗುವ ಮುಂಚೆ ನೀನು ಸಾಮಾನೆಲ್ಲ ಹಂಚಿದಾಗ ಸೈಕಲ್ ನಿನ್ನ ತಮ್ಮ ಸೆಡ್ರಿಕ್‌ಗೆ ಹೋಯಿತು, ಶೂ ಮತ್ತು ಪೆಡಲ್ ನನಗೆ ಬಂತು. "ನಮ್ಮಿಬ್ಬರದ್ದೂ ಮೂವತ್ತೊಂಬತ್ತೇ ಅಲ್ವಾ, ಇಟ್ಕೊ" ಎಂದು ಕೊಟ್ಟದ್ದು ನೀನೇ. ಇಷ್ಟು ದಿನ ಕಪಾಟಿನ ಮೇಲಿತ್ತು, ಈಗ ಇಳಿಸಿದ್ದೇನೆ. ಕ್ಲೀಟ್ ಇರುವ ಶೂ ನಾನು ಹಾಕಿದ್ದು ಇದೇ ಮೊದಲು. ಅಡಿಯ ಕೊಕ್ಕೆ ಪೆಡಲಿಗೆ ಟಕ್ ಎಂದು ಕೂತುಕೊಂಡರೆ ಹಿಮ್ಮಡಿಯನ್ನು ಹೊರಗೆ ತಿರುಗಿಸದೆ ಕಾಲು ಬಿಡಿಸಲಿಕ್ಕಿಲ್ಲ. ಅದು ಅಭ್ಯಾಸ ಆಯಿತು.

ಸ್ವಲ್ಪ ನೋವುಂಟು. ಒಂದು ಗಂಟೆ ತುಳಿದ ಮೇಲೆ ಬೆರಳುಗಳ ಬುಡದಲ್ಲಿ ಉರಿ ಸುರುವಾಗುತ್ತದೆ, ಆಮೇಲೆ ಕಿರುಬೆರಳಿನ ಪಕ್ಕದ ಎರಡು ಬೆರಳು ಜೋಮು ಹಿಡಿಯುತ್ತವೆ. ಮೆತ್ತಗಿರಲಿ ಎಂದು ಜೆಲ್ ಇನ್‌ಸೋಲ್ ತಂದು ಒಳಗೆ ಹಾಕಿದ್ದೇನೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕೂತದ್ದು. ಅದನ್ನು ಬರೆಯಲು ಆಗಲಿಲ್ಲ.

ನಿರೀಕ್ಷಾ


ವಾಮಂಜೂರು
25 ಸೆಪ್ಟೆಂಬರ್ 2024

ಪ್ರೀತಿಯ ನಿರಿ,

ನಿನ್ನ ಪತ್ರವನ್ನು ಬಟ್ಟೆ ಒಣಗಿಸುವ ಟೆರೇಸಿನಲ್ಲಿ ಕೂತು ಓದಿದೆ. ಅಲ್ಲಿಂದ ಮೂಡಬಿದ್ರೆ ರಸ್ತೆ ಕಾಣುತ್ತದೆ. ಟಿಪ್ಪರುಗಳ ನಡುವೆ ಸೈಕಲ್‌ನವರು ಏರು ಹತ್ತುವಾಗ ನಾನು ಇಲ್ಲಿಂದಲೇ ಗೇರ್ ಬದಲಿಸುತ್ತೇನೆ. ಪಕ್ಕದಲ್ಲಿದ್ದವರಿಗೆ ನನ್ನ ಬೆರಳು ಯಾಕೆ ಆಡುತ್ತದೆ ಎಂದು ಗೊತ್ತಾಗುವುದಿಲ್ಲ.

ನಮ್ಮ ಕಾನ್ವೆಂಟಿನದ್ದೇ ಒಂದು ಅಜ್ಜಿಯಂದಿರ ಮನೆ ಉಂಟು. ನನಗೆ ಅಲ್ಲಿ ಕಾಲಿನ ಡ್ಯೂಟಿ. ಬಿಸಿನೀರಿನಲ್ಲಿ ಕಾಲು ತೊಳೆಯುವುದು, ಉಗುರು ಕತ್ತರಿಸುವುದು, ಆಣಿ ಇದ್ದರೆ ಮುಲಾಮು ಹಚ್ಚುವುದು. ಮೊದಲು ಅಸಹ್ಯ ಆಗುತ್ತಿತ್ತು. ಈಗ ಮುಖ ನೋಡುವ ಮುಂಚೆ ಕಾಲು ನೋಡಿಯೇ ಯಾರೆಂದು ಹೇಳುತ್ತೇನೆ.

ಜೆಲ್ ಯಾಕೆ ಹಾಕಿದ್ದು ಮಾರಾಯ್ತಿ? ಶೂ ಒಳಗಿನ ಜಾಗ ಇನ್ನೂ ಕಡಿಮೆ ಆಗುತ್ತದಲ್ಲ. ಹೊಸ ಶೂ ಆದರೆ ಪಳಗಲಿ ಎನ್ನಬಹುದು, ಅದು ನಾನು ಮೂರು ವರ್ಷ ತುಳಿದದ್ದು. ಜೋಮು ಹಿಡಿಯುವುದು ಒಳ್ಳೆಯದಲ್ಲ. ಅದನ್ನು ತೆಗೆ, ಪಟ್ಟಿ ಸಡಿಲ ಮಾಡು, ಕ್ಲೀಟನ್ನು ಸ್ವಲ್ಪ ಹಿಮ್ಮಡಿಯ ಕಡೆಗೆ ಸರಿಸಿ ನೋಡು.

ಮೇ ತಿಂಗಳಲ್ಲಿ ನನ್ನ ಮೊದಲ ವ್ರತ, ಸಿಸ್ಟರ್ ಆಗಿ ಪ್ರತಿಜ್ಞೆ ಮಾಡುವುದು. ದಿನ ಇನ್ನೂ ಹೇಳಿಲ್ಲ. ನೀನು ಬರಬೇಕು, ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂರಬೇಕು. ಸಿಟ್ಟು ಇದ್ದರೂ ಪರವಾಗಿಲ್ಲ, ಸಿಟ್ಟಿನಲ್ಲೇ ಬಾ.

ನಿನ್ನ
ರೀಮಾ


ದೇರೆಬೈಲ್
20 ಅಕ್ಟೋಬರ್ 2024

ರೀಮಾ,

ನೀನು ಹೇಳಿದ ಹಾಗೆ ಎಲ್ಲ ಮಾಡಿದೆ. ಜೆಲ್ ತೆಗೆದೆ. ಪಟ್ಟಿ ಸಡಿಲ ಬಿಟ್ಟೆ, ಹಿಮ್ಮಡಿ ಒಳಗೆ ಜಾರಿ ಬೊಕ್ಕೆ ಎದ್ದಿತು. ಕ್ಲೀಟ್ ಹಿಂದೆ ಸರಿಸಿದೆ, ಉರಿ ಸುರುವಾಗುವುದು ಒಂದು ಗಂಟೆಯ ಬದಲು ಒಂದೂವರೆ ಗಂಟೆಗೆ ಆಯಿತು. ಆನ್‌ಲೈನಿನಲ್ಲಿ ಗಟ್ಟಿ ಇನ್‌ಸೋಲ್ ತರಿಸಿದೆ. ಪಾದದ ನಡುವಿನ ಕಮಾನಿಗೆ ಆಧಾರ ಕೊಡುವಂಥದ್ದು. ಒಳ್ಳೆಯದೇ, ಆದರೆ ಅದು ಕೆಳಗಿನಿಂದ ಎತ್ತುತ್ತದೆ, ಶೂ ಮೇಲಿನಿಂದ ಒತ್ತುತ್ತದೆ. ಆಮೇಲೆ ಬೆರಳಿನ ಬುಡದ ಹಿಂದೆ ಅಂಟಿಸುವ ಒಂದು ಪುಟ್ಟ ದಿಂಬು ಸಿಕ್ಕಿತು, ಬಟಾಣಿ ಸಿಪ್ಪೆಯಷ್ಟು ಉಬ್ಬು. ಅದರಿಂದ ಎರಡು ದಿನ ಹಾಯಾಗಿತ್ತು. ಮೂರನೇ ದಿನ ಅದೇ ಹಾಡು.

ಕೆಲಸಕ್ಕೂ ಅದೇ ಶೂವಿನಲ್ಲಿ ಹೋಗುತ್ತಿದ್ದೇನೆ, ಅಭ್ಯಾಸ ಆಗಲಿ ಎಂದು. ಸುತ್ತು ದಾರಿಯಲ್ಲಿ ಎರಡು ಗಂಟೆ ತುಳಿದು ಬೈಕಂಪಾಡಿಯ ನಮ್ಮ ಫ್ಯಾಕ್ಟರಿಗೆ ತಲುಪುವಾಗ ಬೆರಳುಗಳಿಗೆ ಜೀವವೇ ಇರುವುದಿಲ್ಲ. ಗೇಟಿನ ಬಳಿ ಶೂ ಕಳಚಿ ಕಾಲು ತಿಕ್ಕುತ್ತಾ ಕೂರುತ್ತೇನೆ. ಆಮೇಲೆ ಒಳಗೆ ಹೋಗಿ ಸಂಜೆಯವರೆಗೆ ವರ್ನಿಯರ್ ಹಿಡಿದು ಪಂಪಿನ ಬಿಡಿಭಾಗ ಅಳೆಯುತ್ತೇನೆ. ಕೂದಲೆಳೆ ಹೆಚ್ಚು ಕಡಿಮೆ ಇದ್ದರೆ ರಿಜೆಕ್ಟ್. ನನ್ನನ್ನು ಕಂಡರೆ ಮಷಿನ್ ಶಾಪಿನವರಿಗೆ ಆಗುವುದಿಲ್ಲ.

ಅಮ್ಮ ದಿನಾ ಒಂದೇ ರಾಗ, "ಸ್ಕೂಟಿ ತಕ್ಕೊ, ಆ ಸೈಕಲ್ ಬಿಡು." ಕಿನ್ನಿ ಅಜ್ಜಿ ಮಾತ್ರ ನನ್ನ ಕಾಲಿಗೆ ತೆಂಗಿನೆಣ್ಣೆ ತಿಕ್ಕುತ್ತಾ, "ಹಠ ಮಾಡುವವರಿಗೆ ನೋವು ಲೆಕ್ಕ ಇಲ್ಲ, ನೋಡುವವರಿಗೇ ಕಷ್ಟ" ಎನ್ನುತ್ತಾರೆ. ಅಜ್ಜಿ ನನ್ನ ಪರವಾ ಅಮ್ಮನ ಪರವಾ ಗೊತ್ತಾಗುವುದಿಲ್ಲ.

ನಿನ್ನ ಶೂ ಬಿಡುವುದಿಲ್ಲ. ಅದನ್ನು ಹಾಕಿ ಗೆರೆ ದಾಟಿದರೆ ಇಬ್ಬರೂ ದಾಟಿದ ಹಾಗೆ.

ನಿರೀಕ್ಷಾ


ವಾಮಂಜೂರು
2 ನವೆಂಬರ್ 2024

ನಿರಿ,

ನನ್ನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಮೇ ತಿಂಗಳ ಪ್ರಶ್ನೆಗೆ. ಇರಲಿ, ಒತ್ತಾಯ ಇಲ್ಲ.

ಶೂ ಮಾತ್ರ ಬಿಡುವುದಿಲ್ಲ ಎನ್ನುತ್ತೀ. ನೀನು ಹಿಡಿದ ಮೊಲಕ್ಕೆ ಶಾಲೆಯಿಂದಲೂ ಮೂರೇ ಕಾಲು.

ನಮ್ಮ ಅಜ್ಜಿಯಂದಿರಲ್ಲಿ ಅಪೊಲೋನಿಯಾ ಬಾಯಿ ಎಂದೊಬ್ಬರು ಇದ್ದಾರೆ. ಪ್ರಾಯದಲ್ಲಿ ಮುಂಬಯಿಯ ಒಂದು ದೊಡ್ಡ ಮನೆಯಲ್ಲಿ ಆಯಾ ಆಗಿದ್ದವರು. ಅವರ ಕಾಲಿನ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿವೆ, ನಡುವೆ ಬಟ್ಟೆ ತೂರಿಸಿ ಒರೆಸಬೇಕು. ನಿನ್ನೆ ಕೇಳಿದೆ, ಇದು ಹೇಗಾಯಿತು ಎಂದು. ಆ ಮನೆಯ ಮೇಡಮ್ ವರ್ಷಕ್ಕೊಂದು ಜೊತೆ ಹಳೆಯ ಶೂ ಕೊಡುತ್ತಿದ್ದರಂತೆ. ಒಳ್ಳೆಯ ಚರ್ಮದ್ದು, ನಂಬರ್ ಇಬ್ಬರದ್ದೂ ಒಂದೇ. ಆದರೆ ಮೇಡಮ್‌ನ ಕಾಲು ಸಪೂರ.

"ಬೇಡ ಅನ್ಬಹುದಿತ್ತಲ್ಲ ಬಾಯಿ?" ಎಂದೆ.

"ಬೇಡ ಅಂದ್ರೆ ಅವರಿಗೆ ಬೇಸರ ಆಗ್ತದೆ."

"ಅವರು ಕೇಳಿದ್ರಾ, ಸರಿ ಆಗ್ತದಾ ಅಂತ?"

"ಇಲ್ಲ ಮಗಳೇ. ಅವರು ನಂಬರ್ ನೋಡಿದ್ದು, ನನ್ನ ಕಾಲು ನೋಡ್ಲಿಲ್ಲ."

ಅಷ್ಟು ಹೇಳಿ ಅವರು ನಕ್ಕರು. ನನಗೆ ನಗಲು ಆಗಲಿಲ್ಲ. ನಿರಿ, ನಾವು ಒಂದನೇ ಕ್ಲಾಸಿನಿಂದ ಜೊತೆಗೆ ಇದ್ದೇವೆ, ನಿನ್ನ ಕಾಲು ಹೇಗಿದೆ ಎಂದು ನನಗೂ ನೆನಪಿಲ್ಲ. ಒಂದು ಕಾಗದದ ಮೇಲೆ ನಿಂತು ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸು.

ರೀಮಾ


ದೇರೆಬೈಲ್
11 ನವೆಂಬರ್ 2024

ರೀಮಾ,

ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ. ನಿನ್ನೆ ನಂತೂರಿನಲ್ಲಿ ಬಿದ್ದೆ.

ಆದಿತ್ಯವಾರ ಬೆಳಿಗ್ಗೆ ಕೈಕಂಬದವರೆಗೆ ಹೋಗಿ ವಾಪಸ್ ಬರುತ್ತಿದ್ದೆ. ಸರ್ಕಲಿನಲ್ಲಿ ಬಸ್ಸು ಬ್ರೇಕ್ ಹಾಕಿತು, ನಾನೂ ಹಾಕಿದೆ. ಕಾಲು ಬಿಡಿಸಲು ಹಿಮ್ಮಡಿ ತಿರುಗಿಸಿದೆ ಎಂದೇ ತಿಳಿದೆ. ಜೋಮು ಹಿಡಿದ ಕಾಲಿಗೆ ತಿರುಗಿದ್ದು ಯಾವುದು, ತಿರುಗದ್ದು ಯಾವುದು ಗೊತ್ತಾಗಲಿಲ್ಲ. ಸೈಕಲಿಗೆ ಕಟ್ಟಿಸಿಕೊಂಡ ಹಾಗೆಯೇ ಎಡಕ್ಕೆ ವಾಲಿದೆ. ಹಿಂದೆ ಲಾರಿ ಇತ್ತು, ನಿಂತಿತು. ಬಸ್ಸಿನ ಕಂಡಕ್ಟರ್ ಇಳಿದು ಬಂದು, "ಎಂತ ಮಾರಾಯ್ತಿ, ಸಾಯ್ಲಿಕ್ಕೆ ಬೇರೆ ಜಾಗ ಸಿಗ್ಲಿಲ್ವಾ?" ಎಂದು ಬೈದು, ಬೈಯುತ್ತಲೇ ನನ್ನನ್ನೂ ಸೈಕಲನ್ನೂ ಎತ್ತಿ ಬದಿಗೆ ತಂದು ನೀರು ಕೊಟ್ಟ. ಮೊಣಕೈ ತರಚಿದೆ, ಸೊಂಟ ನೋಯುತ್ತದೆ, ಮೂಳೆ ಮುರಿದಿಲ್ಲ.

ಹೆದರಿಕೆ ಆಯಿತು. ನಿನಗೆ ಹೇಳದೆ ಮತ್ಯಾರಿಗೆ ಹೇಳಲಿ? ಅಮ್ಮ ಸೈಕಲನ್ನು ದನದ ಹಟ್ಟಿಯಲ್ಲಿಟ್ಟು ಬೀಗ ಹಾಕಿದ್ದಾರೆ. ಬೀಗದ ಕೈ ಅಜ್ಜಿಯ ಹತ್ತಿರ ಉಂಟು, ಹಾಗಾಗಿ ಅದು ದೊಡ್ಡ ಸಮಸ್ಯೆ ಅಲ್ಲ. ರೈಡ್‌ಗೆ ಹೆಸರು ಕೊಟ್ಟಾಗಿದೆ. ಹೋಗಿಯೇ ಹೋಗುತ್ತೇನೆ.

ಕಾಲಿನ ಚಿತ್ರ ಕಳಿಸುವುದಿಲ್ಲ. ನಾನು ನಿನ್ನ ಅಜ್ಜಿಯಂದಿರಲ್ಲಿ ಒಬ್ಬಳಲ್ಲ.

ನಿರೀಕ್ಷಾ


ವಾಮಂಜೂರು
16 ನವೆಂಬರ್ 2024

ನಿರಿ,

ನನ್ನ ಶೂ ನನಗೆ ವಾಪಸ್ ಕೊಡು.

ಕೊಟ್ಟದ್ದನ್ನು ಹಿಂದೆ ಕೇಳುವ ಕ್ರಮ ಇಲ್ಲಿ ಇಲ್ಲ. ಎಲ್ಲ ಬಿಟ್ಟು ಬರುವುದೇ ಇಲ್ಲಿನ ಮೊದಲ ಪಾಠ. ಹಾಗಾಗಿ ನಮ್ಮನ್ನು ನೋಡಿಕೊಳ್ಳುವ ಸಿಸ್ಟರ್ ಹತ್ತಿರ ಹೋಗಿ ಅನುಮತಿ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸೈಕಲ್ ಶೂವಾ? ಎಂತಕ್ಕೆ, ಓಡಿಹೋಗುವ ಅಂದಾಜು ಉಂಟಾ?" ಎಂದರು. ನಿನ್ನ ವಿಷಯ ಹೇಳಿದೆ, ನಂತೂರಿನ ವಿಷಯ ಹೇಳಿದೆ. ಹೇಳುವಾಗ ಅಳು ಬಂತು. "ತರಿಸಿಕೊ" ಎಂದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸರಿ. ಶೂ ಇದ್ದಷ್ಟಕ್ಕೆ ಕಾಲು ಮುದುಡು ಎಂದು ಯಾರೂ ಹೇಳಿಲ್ಲ. ಫ್ಯಾಕ್ಟರಿಯಲ್ಲಿ ಕೂದಲೆಳೆಗೆ ರಿಜೆಕ್ಟ್ ಮಾಡುವವಳು ನಿನ್ನ ಕಾಲನ್ನು ಒಮ್ಮೆಯಾದರೂ ಅಳೆದಿದ್ದೀಯಾ? ನೀನು ಕಳಿಸುವುದಿಲ್ಲವಲ್ಲ, ನಾನೇ ಕಳಿಸುತ್ತಿದ್ದೇನೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನನ್ನ ಕಾಲಿನ ಗೆರೆ. ಅದರ ಮೇಲೆ ನಿನ್ನ ಕಾಲು ಇಟ್ಟು ನೋಡು.

ಇನ್ನೊಂದು ಮಾತು, ಇದಕ್ಕೆ ನಿನಗೆ ಸಿಟ್ಟು ಬರಲಿ. ನಾನು ಸತ್ತಿಲ್ಲ ನಿರಿ. ಹೋದವರ ಸಾಮಾನು ಹೊತ್ತು ತಿರುಗುವ ಹಾಗೆ ನನ್ನ ಶೂ ಹೊತ್ತು ತಿರುಗಬೇಡ. ನಾನು ಇಲ್ಲೇ ಇದ್ದೇನೆ, ವಾಮಂಜೂರಿನಲ್ಲಿ.

ರೀಮಾ


ದೇರೆಬೈಲ್
24 ನವೆಂಬರ್ 2024

ರೀಮಾ,

ಈ ಪತ್ರವನ್ನು ಶೂ ಡಬ್ಬಿಯ ಒಳಗೇ ಇಟ್ಟಿದ್ದೇನೆ. ಗೇಟಿನಲ್ಲಿ ಕೊಟ್ಟು ಹೋಗುತ್ತೇನೆ, ನಿನ್ನನ್ನು ಕರೆಯಿರಿ ಎಂದು ಕೇಳುವುದಿಲ್ಲ.

ಒಮ್ಮೆ ಕಾರ್ಕಳದಲ್ಲಿ ಬಿಟ್ಟು ಹೋದೆ. ಉಳಿದದ್ದು ಒಂದು ಜೊತೆ ಶೂ, ಅದನ್ನೂ ಕೇಳಿದೆ. ತಕ್ಕೊ. ತೊಳೆದಿದ್ದೇನೆ. ನಿನ್ನ ಕ್ಯಾಲೆಂಡರ್ ಕಾಗದದ ಮೇಲೆ ಕಾಲು ಇಡಲಿಲ್ಲ, ಇಡುವುದೂ ಇಲ್ಲ.

ನಿರೀಕ್ಷಾ


ವಾಮಂಜೂರು
15 ಡಿಸೆಂಬರ್ 2024

ಪ್ರೀತಿಯ ನಿರಿ,

ಮೂರು ವಾರ ಆಯಿತು. ನೀನು ಬರೆಯುವುದಿಲ್ಲ ಎಂದು ಗೊತ್ತು, ಆದರೂ ಪೋಸ್ಟ್ ಬರುವ ಹೊತ್ತಿಗೆ ಗೇಟಿನ ಬದಿಯ ಗಿಡಗಳಿಗೇ ನೀರು ಹಾಕುತ್ತೇನೆ. ಆ ಗಿಡಗಳು ಕೊಳೆಯುತ್ತವೆ ಎಂದು ಸಿಸ್ಟರ್ ಬೈದರು.

ಡಬ್ಬಿ ಕೊಟ್ಟು ನೀನು ಹೋದ ದಿನ ನಾನು ಟೆರೇಸಿನಲ್ಲಿದ್ದೆ. ಹವಾಯಿ ಚಪ್ಪಲಿಯಲ್ಲಿ ಪೆಡಲ್ ತುಳಿಯುತ್ತಾ ಇಳಿಜಾರಿನಲ್ಲಿ ಹೋದದ್ದು ಕಂಡಿತು. ಕೂಗಬೇಕು ಅನಿಸಿತು, ಕೂಗಲಿಲ್ಲ. ಕೂಗಬೇಕಿತ್ತು.

ಇಲ್ಲಿ ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳನ್ನು ಮಾಡುತ್ತಿದ್ದೇವೆ. ನೀನು ಇದ್ದಿದ್ದರೆ ಕಿಡಿಯೋ ಎಣ್ಣೆಗೆ ಬೀಳುವ ಮೊದಲೇ ಹಿಟ್ಟು ತಿನ್ನುತ್ತಿದ್ದೆ. ನನಗೆ ನಿನ್ನ ನೆನಪು ತುಂಬ ಆಗುತ್ತದೆ. ಇದನ್ನು ಬರೆಯಬಾರದು ಎಂದು ಇಲ್ಲಿ ಯಾರೂ ಹೇಳಿಲ್ಲ, ನಾನೇ ಬರೆಯದೆ ಇದ್ದದ್ದು.

ರೀಮಾ


ದೇರೆಬೈಲ್
29 ಡಿಸೆಂಬರ್ 2024

ರೀಮಾ,

ಆಗ್ನೆಸ್ ಆಂಟಿ ಕುಸ್ವಾರ್ ಕಳಿಸಿದರು. ಕಿಡಿಯೋ ಎಲ್ಲ ನಾನೇ ತಿಂದೆ.

ಕಾಗದದ ಮೇಲೆ ಕಾಲು ಇಡಿಸಿದ್ದು ಕಿನ್ನಿ ಅಜ್ಜಿ. ಕೋಣೆ ಗುಡಿಸುವಾಗ ಸಿಕ್ಕಿತಂತೆ. "ಇದು ಯಾವ ಮಗುವಿನ ಕಾಲು?" ಎಂದು ಕೇಳಿದರು. ಮಗುವಿನದ್ದಲ್ಲ, ರೀಮಾಳದ್ದು ಎಂದೆ. ನೆಲಕ್ಕೆ ಹಾಸಿ ನನ್ನನ್ನು ಅದರ ಮೇಲೆ ನಿಲ್ಲಿಸಿದರು. ಉದ್ದ ಸಮ ಸಮ. ಅಗಲ ಮಾತ್ರ ಎರಡೂ ಬದಿಯಲ್ಲಿ ಹೊರಗೆ ಚೆಲ್ಲಿತು, ಕಿರುಬೆರಳಿನ ಕಡೆ ಒಂದು ಬೆರಳಿನಷ್ಟು. ನೀನು ಒಂದನೇ ಕ್ಲಾಸಿನಿಂದ ಬೂಟು ಹಾಕಿದವಳು. ನಾನು ಶಾಲೆಯ ಗೇಟಿನವರೆಗೆ ಚಪ್ಪಲಿಯಲ್ಲಿ, ರಜೆಯಲ್ಲಿ ಅಜ್ಜಿಯ ಗದ್ದೆಯ ಕೆಸರಿನಲ್ಲಿ. ಅಜ್ಜಿ ತನ್ನ ಕಾಲನ್ನೂ ನನ್ನ ಕಾಲಿನ ಪಕ್ಕ ಇಟ್ಟರು. ಒಂದೇ ಅಚ್ಚು. "ಇದು ಕೆಸರಲ್ಲಿ ನಿಲ್ಲುವ ಕಾಲು. ಇದನ್ನು ಆ ಕೊಳವೆಯಲ್ಲಿ ತುರುಕಿದ್ದಾ ನೀನು?" ಎಂದರು. ಅಳತೆಯೇ ನನ್ನ ಉದ್ಯೋಗ, ಮತ್ತೆ ನನಗೆ ಮರ್ಯಾದೆ ಎಲ್ಲಿ ಉಳಿಯಿತು ಹೇಳು.

ಮರುದಿನ ಸಂಜೆ ನಿಯಾಝ್‌ನ ಸೈಕಲ್ ಅಂಗಡಿಗೆ ಹೋದೆ. ಬೇಕೆಂದೇ ಸಂಜೆ, ದಿನವಿಡೀ ನಿಂತು ಕಾಲು ಊದಿಕೊಂಡ ಮೇಲೆ. ಲೇಡೀಸ್ ಶೂ ಎಲ್ಲ ಸಪೂರ. ಮೂಲೆಯಲ್ಲಿದ್ದ ಒಂದು ಅಗಲದ ಜೊತೆ ತೆಗೆಸಿದೆ.

"ಅದು ಜೆಂಟ್ಸ್ ಮಾಡೆಲ್ ಅಕ್ಕ" ಎಂದ.

"ನನ್ನ ಕಾಲಿಗೆ ಅದು ಗೊತ್ತಿಲ್ಲ, ನೀನು ಹೇಳ್ಬೇಡ" ಎಂದೆ.

ಹಾಕಿ ನಿಂತೆ, ಒಳಗೆ ಬೆರಳುಗಳನ್ನು ಬಿಡಿಸಿದೆ. ಬಿಡಿಸಲು ಜಾಗ ಇತ್ತು ರೀಮಾ. ಅಂಗಡಿಯಲ್ಲೇ ಕಣ್ಣಲ್ಲಿ ನೀರು ಬಂತು. ನಿಯಾಝ್ ಪಾಪ, ಟೈಟ್ ಆಯ್ತಾ ಎಂದು ಗಾಬರಿ ಆದ.

ಆನ್‌ಲೈನಿನ ಗಟ್ಟಿ ಇನ್‌ಸೋಲ್ ಅದೇ, ಬಟಾಣಿ ದಿಂಬೂ ಅದೇ. ಈಗ ಎರಡೂ ಕೆಲಸ ಮಾಡುತ್ತವೆ. ಮೊನ್ನೆ ಮೂಡಬಿದ್ರೆಗೆ ಹೋಗಿ ಬಂದೆ. ಉರಿ ಪೂರ್ತಿ ಹೋಗಿಲ್ಲ, ಆದರೆ ಬೆರಳುಗಳು ನನ್ನವೇ ಎಂದು ಗೊತ್ತಾಗುತ್ತದೆ. ನಂತೂರಿನಲ್ಲಿ ಕಾಲು ಸರಿಯಾಗಿ ಬಿಡಿಸಿ ನಿಂತೆ.

ನಾನು ಸತ್ತಿಲ್ಲ ಎಂದು ನೀನು ಬರೆದದ್ದರಿಂದ ನನಗೆ ತುಂಬ ನೋವಾಯಿತು. ನೀನು ಸತ್ತ ಹಾಗೆಯೇ ನಾನು ನಿಜವಾಗಿ ನಡೆದುಕೊಂಡಿದ್ದೆ, ಅದಕ್ಕೇ ನೋವಾದದ್ದು.

ನಿರೀಕ್ಷಾ


ವಾಮಂಜೂರು
12 ಜನವರಿ 2025

ನಿರಿ,

ಹತ್ತೊಂಬತ್ತಕ್ಕೆ ನೀವು ಇಲ್ಲಿ ದಾಟುವ ಹೊತ್ತಿಗೆ ನಾವು ಚಾಪೆಲಿನಲ್ಲಿ ಪ್ರಾರ್ಥನೆಯಲ್ಲಿ ಇರುತ್ತೇವೆ. ಗೇಟಿಗೆ ಬರಲು ಆಗುವುದಿಲ್ಲ. ಅನುಮತಿ ಕೇಳಲೂ ಇಲ್ಲ, ಒಂದು ವರ್ಷಕ್ಕೆ ಒಂದು ಸೈಕಲ್ ಅನುಮತಿ ಸಾಕು.

ಕಾಲಿಗೆ ಉರಿ ಬಂದರೆ ಹಲ್ಲು ಕಚ್ಚಿ ತುಳಿಯಬೇಡ. ಇಳಿದು ಶೂ ಕಳಚು, ಬೆರಳು ಆಡಿಸು, ಮತ್ತೆ ಹೊರಡು. ಇದು ಕಾಲಿನ ಡ್ಯೂಟಿಯವಳ ಆರ್ಡರ್.

ಗೋಡೆ ಕಡೆ ನೋಡಿಕೊಂಡು ಹೋಗು.

ರೀಮಾ


ದೇರೆಬೈಲ್
21 ಜನವರಿ 2025

ಪ್ರೀತಿಯ ರೀಮಾ,

ಮುಗಿಸಿದೆ. ಏಳು ಗಂಟೆ ದಾಟಿತ್ತು, ಏಳೂವರೆ ಆಗಿರಲಿಲ್ಲ.

ಈಗ ಮೊದಲಿನಿಂದ ಹೇಳುತ್ತೇನೆ. ವಾಮಂಜೂರಿನ ಏರು ಹತ್ತುವಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ನಿನ್ನ ಕಾಂಪೌಂಡ್ ಗೋಡೆಯ ಮೇಲೆ ನನ್ನ ಲೈಟ್ ಬಿದ್ದಾಗ ಕಂಡಿತು. ನಿನ್ನ ಶೂ, ಎರಡೂ ಜೊತೆಯಾಗಿ, ಮೂತಿ ಮೂಡಬಿದ್ರೆ ಕಡೆಗೆ. ನಾನು ನಿಂತದ್ದು ನೋಡಿ ಹಿಂದಿನಿಂದ ಬಂದವರು ಪಂಕ್ಚರಾ ಎಂದು ಕೇಳಿದರು. ಅಲ್ಲ ಎಂದೆ. ಒಂದು ಶೂವಿನೊಳಗೆ ಕಾಗದದಲ್ಲಿ ಸುತ್ತಿದ ನೆಲಗಡಲೆ ಚಿಕ್ಕಿ ಇತ್ತು, ತೆಗೆದು ಕಿಸೆಗೆ ಹಾಕಿದೆ. ಶೂವನ್ನು ಮುಟ್ಟಲಿಲ್ಲ. ಒಳಗಿನಿಂದ ನಿಮ್ಮ ಪ್ರಾರ್ಥನೆಯ ಹಾಡು ಕೇಳುತ್ತಿತ್ತು. ಅದರಲ್ಲಿ ನಿನ್ನ ಸ್ವರ ಯಾವುದೆಂದು ಹುಡುಕಿದೆ, ಸಿಗಲಿಲ್ಲ. ಆಮೇಲೆ ಹೊರಟೆ.

ಕಾರ್ಕಳದಲ್ಲಿ ಅದೇ ಹೋಟೆಲಿಗೆ ಹೋದೆ. ಅದೇ ಮೇಜು ಖಾಲಿ ಇತ್ತು, ಕೂತೆ. ಚಾ ಬಿಸಿ ಇರುವಾಗಲೇ ಕುಡಿದೆ, ನಿನ್ನ ಚಿಕ್ಕಿ ತಿಂದೆ. ಎದ್ದು ಉಡುಪಿ ಕಡೆಗೆ ಸೈಕಲ್ ತಿರುಗಿಸಿದೆ. ಅಲ್ಲಿಂದ ಮುಂದಿನ ದಾರಿಯನ್ನು ನಾನು ಮೊದಲ ಸಲ ತುಳಿದದ್ದು.

ಕೋಟದಿಂದ ವಾಪಸ್ ಬರುವಾಗ ಬ್ರಹ್ಮಾವರದ ಹತ್ತಿರ ಎಡಗಾಲಿನಲ್ಲಿ ಉರಿ ಸುರುವಾಯಿತು. ಹಳೆಯ ನಿರೀಕ್ಷಾ ಆಗಿದ್ದರೆ ಹಲ್ಲು ಕಚ್ಚುತ್ತಿದ್ದಳು. ನಾನು ಇಳಿದೆ, ಬಸ್ ಸ್ಟಾಪಿನ ಕಟ್ಟೆಯಲ್ಲಿ ಶೂ ಕಳಚಿ ಕೂತೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಮೀನು ಮಾರುವ ಹೆಂಗಸು ನನ್ನ ಕಾಲು ನೋಡಿ, "ಒಳ್ಳೆ ಅಗಲ ಉಂಟು ಮಗಾ, ಎಲ್ಲಿಯೂ ಬೀಳ್ಲಿಕ್ಕಿಲ್ಲ" ಎಂದರು. ನಂತೂರಿನ ವಿಷಯ ಅವರಿಗೆ ಹೇಳಲಿಲ್ಲ. ಬೆರಳು ಆಡಿಸಿ, ನೀರು ಹೊಯ್ದುಕೊಂಡು, ಮತ್ತೆ ಹಾಕಿ ಹೊರಟೆ. ಮುಗಿಯುವಲ್ಲಿ ಅಮ್ಮ ಬಂದು ನಿಂತಿದ್ದರು. ನನ್ನ ಬ್ಯಾಗ್ ತೆಗೆದುಕೊಂಡರು.

ನಿನ್ನ ಶೂ ಹಾಕಿ ದಾಟಿದರೆ ಇಬ್ಬರೂ ದಾಟಿದ ಹಾಗೆ ಎಂದು ಬರೆದಿದ್ದೆ. ಹಾಗೆ ಆಗಲಿಲ್ಲ, ನಾನು ಒಬ್ಬಳೇ ದಾಟಿದೆ. ನೀನು ನಿನ್ನ ದಾರಿಯಲ್ಲಿ ಎಷ್ಟು ತುಳಿದಿದ್ದೀ, ಎಲ್ಲಿ ನೋಯುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ, ಬರೆ.

ಸಿಟ್ಟು ಇತ್ತು. ತುಂಬ ಇತ್ತು. ಈಗ ಇಲ್ಲ. ಈ ಸಲ ಬರೆಯಲು ಆಯಿತು.

ಮೇ ತಿಂಗಳ ದಿನ ಗೊತ್ತಾದ ಕೂಡಲೇ ತಿಳಿಸು. ಸೈಕಲ್‌ನಲ್ಲೇ ಬರುತ್ತೇನೆ, ಕ್ಲೀಟ್ ಶೂ ಇಗರ್ಜಿಯ ನೆಲದಲ್ಲಿ ಟಕಟಕ ಎನ್ನುತ್ತದೆ ಎಂದು ಸಿಸ್ಟರಿಗೆ ಮೊದಲೇ ಹೇಳಿಡು. ಮುಂದಿನ ಸಾಲಿನಲ್ಲಿ ಆಗ್ನೆಸ್ ಆಂಟಿಯ ಪಕ್ಕ ಒಂದು ಜಾಗ ಇರಲಿ. ನಿನ್ನ ಜಾಗ ಬೇಡ, ನನ್ನದೇ ಒಂದು.

ನಿನ್ನ
ನಿರಿ